ಶಕ್ತಿತಸ್ತಪವೂ ಜಠರದ ಹುಣ್ಣೂ

ಅನಶನ, ಅವಮೌದರ್ಯ, ವೃತ್ತಿಪರಿಸಂಖ್ಯಾನ, ರಸಪರಿತ್ಯಾಗ, ವಿವಿಕ್ತಶಯ್ಯಾಸನ, ಕಾಯಕ್ಲೇಶ ಎಂದು ಬಾಹ್ಯ ತಪಸ್ಸು ಆರು ಬಗೆ. ಇವುಗಳಲ್ಲಿ ಮೊದಲಿನದಾದ ಅನಶನವನ್ನು ಶ್ರಾವಕ-ಶ್ರಾವಿಕೆಯರು ಅಷ್ಟಮೀ ಚತುರ್ದಶಿಗಳಲ್ಲಿ ಪ್ರೋಷಧೋಪವಾಸವಾಗಿಯೂ, ದಶಲಕ್ಷಣ ಪರ್ವದಲ್ಲಿ ಏಕಾಶನ ಅಥವಾ ಪೂರ್ಣ ಉಪವಾಸವಾಗಿಯೂ ಆಚರಿಸುತ್ತಾರೆ. ಷೋಡಶಕಾರಣ ಭಾವನೆಗಳಲ್ಲಿ ಶಕ್ತಿತಸ್ತಪವೆಂಬುದೂ ಒಂದು. ಇರುವ ಶಕ್ತಿಯನ್ನು ಬಚ್ಚಿಡದೆ, ಇಲ್ಲದ ಶಕ್ತಿಯನ್ನು ಇದೆಯೆಂದು ಭ್ರಮಿಸದೆ ತಪಸ್ಸನ್ನಾಚರಿಸಬೇಕೆಂಬುದು ಅದರ ತಾತ್ಪರ್ಯ. ಶಕ್ತಿಯನ್ನು ಅರಿಯಬೇಕಾದರೆ ದೇಹದ ಸ್ಥಿತಿಯನ್ನು ಅರಿಯಬೇಕು. ಉಪವಾಸದ ದಿನ ಎದೆಗೂಡಿನ ಕೆಳಗೆ ಏಳುವ ಉರಿನೋವನ್ನು ಅನೇಕರು ತಪಸ್ಸಿನ ಅಂಗವೆಂದೇ ತಿಳಿದು, ಮನೆಯವರಿಗೂ ಹೇಳದೆ ಸಹಿಸುತ್ತಾರೆ. ಅದು ಹಸಿವಿನ ಬಾಧೆಯೋ ರೋಗದ ಬಾಧೆಯೋ ಎಂದು ವಿವೇಚಿಸುವುದು ಈ ಪಾಠದ ಉದ್ದೇಶ.

ಹುಣ್ಣಿನ ಕಾರಣ

ಜಠರದಲ್ಲಿಯೂ ಸಣ್ಣ ಕರುಳಿನ ಆದಿಭಾಗದಲ್ಲಿಯೂ ಆಗುವ ಹುಣ್ಣಿಗೆ ಖಾರ, ಚಿಂತೆ, ಹೊತ್ತು ತಪ್ಪಿದ ಊಟ ಇವೇ ಮೂಲವೆಂದು ವೈದ್ಯರೂ ಬಹುಕಾಲ ನಂಬಿದ್ದರು. ಜಠರದ ತೀಕ್ಷ್ಣವಾದ ಆಮ್ಲದಲ್ಲಿ ಯಾವ ಜೀವಿಯೂ ನೆಲೆಸಲಾರದೆಂಬುದು ಅಂದಿನ ಅಭಿಪ್ರಾಯವಾಗಿತ್ತು. ಆಸ್ಟ್ರೇಲಿಯದ ರಾಯಲ್ ಪರ್ತ್ ಆಸ್ಪತ್ರೆಯಲ್ಲಿ ರಾಬಿನ್ ವಾರೆನ್ ಎಂಬ ವೈದ್ಯರು 1979ರಲ್ಲಿ, ರೋಗಿಯ ಜಠರದಿಂದ ತೆಗೆದ ಚೂರಿನಲ್ಲಿ ಬಾಗಿದ ಆಕಾರದ ಬ್ಯಾಕ್ಟೀರಿಯಾಗಳನ್ನು ಸೂಕ್ಷ್ಮದರ್ಶಕದ ಮೂಲಕ ಕಂಡರು. 1981ರಲ್ಲಿ ಬ್ಯಾರಿ ಮಾರ್ಷಲ್ ಅವರೊಡನೆ ಸೇರಿದರು. ಜೀವಿಯನ್ನು ಪ್ರಯೋಗಶಾಲೆಯಲ್ಲಿ ಬೆಳೆಸುವ ಯತ್ನಗಳು ಮೊದಮೊದಲು ನಿಷ್ಫಲವಾದವು. 1982ರ ಈಸ್ಟರ್ ರಜೆಯಲ್ಲಿ, ಎರಡು ದಿನಕ್ಕೆ ತೆಗೆಯುತ್ತಿದ್ದ ತಟ್ಟೆಗಳು ಐದು ದಿನ ಹಾಗೆಯೇ ಉಳಿದಾಗ ಅದು ಬೆಳೆದು ಕಾಣಿಸಿಕೊಂಡಿತು. ಆದರೂ ಅನೇಕರು ನಂಬಲಿಲ್ಲ. 1984ರಲ್ಲಿ ಮಾರ್ಷಲ್ ಆ ಜೀವಿಯನ್ನು ಬೆರೆಸಿದ ದ್ರವವನ್ನು ತಾವೇ ಕುಡಿದರು. ಕೆಲವೇ ದಿನಗಳಲ್ಲಿ ಅವರಿಗೆ ವಾಂತಿಯಾಗತೊಡಗಿತು. ಜಠರದ ಒಳಪೊರೆಯಲ್ಲಿ ಉರಿಯೂತವಾಗಿರುವುದು ಪರೀಕ್ಷೆಯಿಂದ ಸಿದ್ಧವಾಯಿತು. 2005ರಲ್ಲಿ ಇಬ್ಬರಿಗೂ ನೊಬೆಲ್ ಪ್ರಶಸ್ತಿ ಸಂದಿತು.

ಈ ಜೀವಿಗೆ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂದು ಹೆಸರು. ಇದು ಯೂರಿಯೇಸ್ ಎಂಬ ಕಿಣ್ವದಿಂದ ಯೂರಿಯಾವನ್ನು ಒಡೆದು ಅಮೋನಿಯವನ್ನು ಉಂಟುಮಾಡಿ, ತನ್ನ ಸುತ್ತಲಿನ ಆಮ್ಲವನ್ನು ಶಮನಗೊಳಿಸಿಕೊಂಡು, ಜಠರದ ಲೋಳೆಯ ಪದರದೊಳಗೆ ವಾಸಿಸುತ್ತದೆ. ಇದರಿಂದ ಒಳಪೊರೆಯ ರಕ್ಷಣೆ ಕ್ಷೀಣಿಸಿ, ಆಮ್ಲವು ಅದನ್ನು ಕೊರೆಯುತ್ತದೆ. ಲೋಕದ ಜನರಲ್ಲಿ ಸುಮಾರು ಅರ್ಧದಷ್ಟು ಮಂದಿಯಲ್ಲಿ ಈ ಜೀವಿಯಿದ್ದೀತೆಂದು ಬಹುಕಾಲದ ಅಂದಾಜು. ಅವರಲ್ಲಿ ಹೆಚ್ಚಿನವರಿಗೆ ಯಾವ ತೊಂದರೆಯೂ ಆಗುವುದಿಲ್ಲ, ಕೆಲವರಿಗೆ ಹುಣ್ಣಾಗುತ್ತದೆ, ಇನ್ನೂ ಕೆಲವರಿಗೆ ಕಾಲಾಂತರದಲ್ಲಿ ಜಠರದ ಕ್ಯಾನ್ಸರ್ ಬರಬಹುದು. 1994ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಇದನ್ನು ಕ್ಯಾನ್ಸರ್‌ಕಾರಕಗಳ ಮೊದಲ ವರ್ಗದಲ್ಲಿ ಸೇರಿಸಿತು.

ಹುಣ್ಣಿನ ಎರಡನೆಯ ಮುಖ್ಯ ಕಾರಣ ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫೆನಾಕ್ ಮೊದಲಾದ ನೋವಿನ ಮಾತ್ರೆಗಳು. ಉಪವಾಸದ ತಲೆನೋವು ಬಾರದಿರಲೆಂದೋ, ಪೂಜೆಗೆ ಕುಳಿತಾಗ ಮಂಡಿ ನೋಯದಿರಲೆಂದೋ ಧಾರಣೆಯ ದಿನ ಇವನ್ನು ನುಂಗುವ ಅಭ್ಯಾಸ ಅಪಾಯಕರ. ಹೃದ್ರೋಗಕ್ಕಾಗಿ ಆಸ್ಪಿರಿನ್ ಸೇವಿಸುವವರು ಮಾತ್ರ ವೈದ್ಯರನ್ನು ಕೇಳದೆ ಅದನ್ನು ನಿಲ್ಲಿಸಕೂಡದು.

ಉಪವಾಸ ಮತ್ತು ನೋವು

ಉಪವಾಸದಿಂದ ಈ ಜೀವಿ ಹುಟ್ಟುವುದಿಲ್ಲ; ಉಪವಾಸದಿಂದ ಇದು ನಾಶವಾಗುವುದೂ ಇಲ್ಲ. ಸಣ್ಣ ಕರುಳಿನ ಹುಣ್ಣಿನ ನೋವು ಸಾಮಾನ್ಯವಾಗಿ ಊಟವಾಗಿ ಎರಡು ಮೂರು ಗಂಟೆಗಳ ಮೇಲೆ, ಬರಿಹೊಟ್ಟೆಯಲ್ಲಿ, ನಡುರಾತ್ರಿಯಲ್ಲಿ ಏಳುತ್ತದೆ. ಏನನ್ನಾದರೂ ತಿಂದರೆ ತಗ್ಗುತ್ತದೆ. ಆದುದರಿಂದಲೇ ವ್ರತಿಗಳು ಅದನ್ನು ಹಸಿವೆಂದು ತಪ್ಪು ತಿಳಿಯುವುದು ಸುಲಭ. ಹಸಿವು ಉಪವಾಸದ ದಿನಕ್ಕೆ ಸಂಬಂಧಿಸಿದ್ದು. ಪಾರಣೆಯಾದ ಮೇಲೂ ವಾರಗಟ್ಟಲೆ ಮರುಕಳಿಸುವ ನೋವು ರೋಗದ ಸೂಚನೆ. ಹಾಲು ಕುಡಿದರೆ ಕ್ಷಣಕಾಲ ಹಿತವೆನಿಸುವುದುಂಟು. ಆದರೆ ಹಾಲು ಮತ್ತೆ ಆಮ್ಲವನ್ನು ಸ್ರವಿಸುವಂತೆ ಮಾಡುತ್ತದೆ, ಹುಣ್ಣನ್ನು ಮಾಯಿಸುವುದಿಲ್ಲ.

ಡಾಂಬರಿನಂತೆ ಕಪ್ಪಾದ ಮಲ, ರಕ್ತದ ಅಥವಾ ಕಾಫಿಪುಡಿಯ ಬಣ್ಣದ ವಾಂತಿ, ಹಠಾತ್ತನೆ ಬಂದು ಹೊಟ್ಟೆಯನ್ನು ಹಲಗೆಯಂತೆ ಬಿಗಿಯುವ ನೋವು, ತಲೆ ಸುತ್ತಿ ಬೀಳುವುದು ಇವುಗಳಲ್ಲಿ ಒಂದು ಕಂಡರೂ ಹುಣ್ಣಿನಿಂದ ರಕ್ತ ಸೋರುತ್ತಿರಬಹುದು, ಇಲ್ಲವೇ ಕರುಳು ತೂತಾಗಿರಬಹುದು. ಆಗ ಬೆಳಗಾಗಲೆಂದು ಕಾಯದೆ, ವ್ರತದ ದಿನವನ್ನು ಎಣಿಸದೆ ಆಸ್ಪತ್ರೆಗೆ ಹೋಗಬೇಕು. ಭಂಗವಾದ ನಿಯಮಕ್ಕೆ ಗುರುಗಳ ಬಳಿ ಪ್ರಾಯಶ್ಚಿತ್ತವುಂಟು. ಹೋದ ಪ್ರಾಣಕ್ಕೆ ಪ್ರತೀಕಾರವಿಲ್ಲ.

ನೀರು ಮತ್ತು ಶುಚಿ

ಈ ಜೀವಿ ಹೆಚ್ಚಾಗಿ ಬಾಲ್ಯದಲ್ಲಿ, ಮನೆಯವರಿಂದಲೇ, ಎಂಜಲು, ವಾಂತಿ, ಮಲ ಅಥವಾ ಕೆಟ್ಟ ನೀರಿನ ಮೂಲಕ ಬರುತ್ತದೆ. ಜಲಗಾಲನದ ಬಟ್ಟೆ ಕಣ್ಣಿಗೆ ಕಾಣುವ ತ್ರಸಜೀವಿಗಳನ್ನು ತಡೆಯುತ್ತದೆ. ಮಿಲಿಮೀಟರಿನ ಸಾವಿರದಲ್ಲೊಂದು ಭಾಗದ ಲೆಕ್ಕದಲ್ಲಿ ಅಳೆಯಬೇಕಾದ ಈ ಜೀವಿಯನ್ನು ತಡೆಯಲಾರದು. ಆದುದರಿಂದ ಸೋಸಿದ ನೀರನ್ನು ಚೆನ್ನಾಗಿ ಕುದಿಸಿಯೇ ಕುಡಿಯುವ ಪದ್ಧತಿಯನ್ನು ಬಿಡಬಾರದು. ತಾಯಿ ತಾನು ಅಗಿದ ತುತ್ತನ್ನು ಮಗುವಿಗೆ ಉಣಿಸುವುದನ್ನೂ ಬಿಡುವುದು ಲೇಸು.

ಪರೀಕ್ಷೆ ಮತ್ತು ಚಿಕಿತ್ಸೆ

ಉಸಿರಿನ ಪರೀಕ್ಷೆ, ಮಲಪರೀಕ್ಷೆ, ಎಂಡೋಸ್ಕೋಪಿ ಇವುಗಳಿಂದ ಜೀವಿಯ ಇರವನ್ನು ತಿಳಿಯಬಹುದು. ಆಮ್ಲ ತಗ್ಗಿಸುವ ಕೆಲವು ಮಾತ್ರೆಗಳನ್ನು ಪರೀಕ್ಷೆಗೆ ಎರಡು ವಾರ ಮೊದಲೇ ನಿಲ್ಲಿಸಬೇಕಾಗುವುದರಿಂದ ವೈದ್ಯರನ್ನು ಕೇಳಿಕೊಳ್ಳಬೇಕು. ಆಮ್ಲ ತಗ್ಗಿಸುವ ಔಷಧದೊಡನೆ ಎರಡು ಬಗೆಯ ಆಂಟಿಬಯಾಟಿಕ್‌ಗಳನ್ನು ಸಾಮಾನ್ಯವಾಗಿ 14 ದಿನ ಕೊಡುತ್ತಾರೆ. ಮುಗಿದು ಕನಿಷ್ಠ ನಾಲ್ಕು ವಾರಗಳಾದ ಮೇಲೆ, ಜೀವಿ ಹೋಯಿತೇ ಎಂದು ಮತ್ತೆ ಪರೀಕ್ಷಿಸಬೇಕು. ಹೀಗೆ ಒಟ್ಟು ಆರು ವಾರಗಳಾದರೂ ಬೇಕು. ಆಷಾಢದ ಅಷ್ಟಾಹ್ನಿಕ ಪರ್ವದ ವೇಳೆಗೆ ಚಿಕಿತ್ಸೆ ಆರಂಭಿಸಿದವರಿಗೆ ಭಾದ್ರಪದ ಶುಕ್ಲ ಪಂಚಮಿಯೊಳಗೆ ಇಷ್ಟು ಕಾಲ ದೊರೆಯುತ್ತದೆ. ಹುಣ್ಣು ಮಾದಿದೆಯೇ, ಉಪವಾಸ ಮಾಡಬಹುದೇ ಎಂಬುದನ್ನು ವೈದ್ಯರೇ ಹೇಳಬೇಕು.

ಬೆಳಿಗ್ಗೆ ಸಂಜೆ ಎರಡು ಹೊತ್ತಿನ ಔಷಧವಾದರೆ ಸೂರ್ಯಾಸ್ತದೊಳಗೆ ಹೊಂದಿಸಿಕೊಳ್ಳಬಹುದು. ದಿನಕ್ಕೆ ನಾಲ್ಕು ಹೊತ್ತಿನ ಕ್ರಮವೂ ಉಂಟು. ರಾತ್ರಿಭೋಜನತ್ಯಾಗದ ನಿಯಮವಿರುವವರು ಅದನ್ನು ಮೊದಲೇ ವೈದ್ಯರಿಗೆ ತಿಳಿಸಬೇಕಲ್ಲದೆ, ತಾವಾಗಿ ಒಂದು ಹೊತ್ತಿನ ಮಾತ್ರೆಯನ್ನು ಬಿಡಬಾರದು. ನಡುವೆ ಬಿಟ್ಟರೆ ಉಳಿದ ಜೀವಿಗಳು ಔಷಧಕ್ಕೆ ಬಗ್ಗದಂತಾಗುತ್ತವೆ. ಕ್ಯಾಪ್ಸೂಲುಗಳ ಹೊರಕವಚವು ಅನೇಕ ವೇಳೆ ಪ್ರಾಣಿಗಳ ಚರ್ಮ, ಮೂಳೆಗಳಿಂದ ತೆಗೆದ ಜಿಲೆಟಿನ್ನಿನದು. ಮಾತ್ರೆಯ ರೂಪವಾಗಲಿ ಸಸ್ಯಜನ್ಯ ಕವಚವಾಗಲಿ ಇದೆಯೇ ಎಂದು ಕೇಳುವುದರಲ್ಲಿ ಸಂಕೋಚ ಬೇಡ. ಮಾಂಸವಿಲ್ಲದ ವೈದ್ಯವನ್ನು ಕಲ್ಯಾಣಕಾರಕದಲ್ಲಿ ನಿರೂಪಿಸಿದ ಉಗ್ರಾದಿತ್ಯಾಚಾರ್ಯರ ಪರಂಪರೆ ಜೈನರದು.

ಹಿಂಸೆಯ ಪ್ರಶ್ನೆ

ಔಷಧದಿಂದ ಸೂಕ್ಷ್ಮಜೀವಿಗಳು ಸಾಯುವುದಿಲ್ಲವೇ, ಅದು ಹಿಂಸೆಯಲ್ಲವೇ ಎಂದು ಕೆಲವರು ಶಂಕಿಸುತ್ತಾರೆ. ಶಂಕೆ ಗೌರವಾರ್ಹವಾದುದು. ಅಲ್ಲಿ ಹಿಂಸೆಯೇ ಇಲ್ಲವೆನ್ನುವುದು ಸರಿಯಲ್ಲ. ಆದರೆ ಅಹಿಂಸಾಣುವ್ರತಿಯಾದ ಗೃಹಸ್ಥನು ತ್ಯಜಿಸುವುದು ತ್ರಸಜೀವಿಗಳ ಸಂಕಲ್ಪೀ ಹಿಂಸೆಯನ್ನು. ಅಡಿಗೆ, ಬೇಸಾಯ, ದೇಹರಕ್ಷಣೆಗಳಲ್ಲಿ ಅನಿವಾರ್ಯವಾಗಿ ಆಗುವುದನ್ನು ಅವನು ಯತ್ನಾಚಾರದಿಂದ ಮಿತಗೊಳಿಸಿ ಆಲೋಚನೆ, ಪ್ರತಿಕ್ರಮಣಗಳಿಂದ ಶೋಧಿಸಿಕೊಳ್ಳುತ್ತಾನೆ. ಔಷಧವು ಸರ್ವಥಾ ತ್ಯಾಜ್ಯವಾಗಿದ್ದರೆ ಔಷಧದಾನವು ಚತುರ್ವಿಧ ದಾನಗಳಲ್ಲಿ ಸೇರುತ್ತಿರಲಿಲ್ಲ.

ರೋಗವೂ ಇಪ್ಪತ್ತೆರಡು ಪರೀಷಹಗಳಲ್ಲಿ ಒಂದಲ್ಲವೇ, ಸಹಿಸುವುದೇ ಧರ್ಮವಲ್ಲವೇ ಎಂಬುದು ಇನ್ನೊಂದು ಪ್ರಶ್ನೆ. ಇದಕ್ಕೆ ಸಮಂತಭದ್ರಾಚಾರ್ಯರ ಕಥೆಯೇ ಉತ್ತರ. ಮುನಿಗಳಾಗಿದ್ದ ಅವರಿಗೆ ಭಸ್ಮಕ ವ್ಯಾಧಿ ಬಂದಿತು. ಉಂಡದ್ದೆಲ್ಲ ಭಸ್ಮವಾಗಿ ಹಸಿವು ಆರದಾಯಿತು. ಅದು ಈ ಹುಣ್ಣಿನ ರೋಗವಲ್ಲ, ಆದರೆ ಪ್ರಶ್ನೆ ಇದೇ. ಅವರು ಗುರುಗಳಲ್ಲಿ ಸಲ್ಲೇಖನಕ್ಕೆ ಅನುಮತಿ ಬೇಡಿದರು. ಗುರುಗಳು ಒಪ್ಪಲಿಲ್ಲ. ಮುನಿವೇಷವನ್ನು ಬಿಟ್ಟು ವ್ಯಾಧಿಯನ್ನು ಶಮನಗೊಳಿಸಿಕೊಂಡು ಮತ್ತೆ ದೀಕ್ಷೆ ಪಡೆಯುವಂತೆ ಆಜ್ಞಾಪಿಸಿದರು. ಸಮಂತಭದ್ರರು ಹಾಗೆಯೇ ನಡೆದರು. ಗುಣವಾಗಬಲ್ಲ ರೋಗವುಳ್ಳ ಮಹಾಮುನಿಗೇ ಚಿಕಿತ್ಸೆ ಮೊದಲು, ವ್ರತ ಆಮೇಲೆ ಎಂದಾದರೆ ಗೃಹಸ್ಥರಿಗೆ ಹೇಳತಕ್ಕದ್ದೇನು?

ಈ ಸಲ ಉಪವಾಸ ಮಾಡಲಾಗದವರು ಅವಮೌದರ್ಯ, ರಸಪರಿತ್ಯಾಗಗಳಲ್ಲಿ ದೇಹಕ್ಕೆ ಒಗ್ಗುವುದನ್ನು ಆರಿಸಿಕೊಳ್ಳಬಹುದು. ವಿನಯ, ವೈಯಾವೃತ್ಯ, ಸ್ವಾಧ್ಯಾಯಗಳೆಂಬ ಅಂತರಂಗ ತಪಸ್ಸಿಗಂತೂ ಜಠರದ ಹುಣ್ಣು ಅಡ್ಡಿಯಲ್ಲ. ಮನೆಯ ಹಿರಿಯರು ವ್ರತ ಹಿಡಿಯುವವರನ್ನು, ಅದರಲ್ಲಿಯೂ ನೋವನ್ನು ಬಾಯಿಬಿಟ್ಟು ಹೇಳದ ಸೊಸೆಯಂದಿರನ್ನೂ ಮುದುಕರನ್ನೂ, ಹೊಟ್ಟೆನೋವುಂಟೇ ಎಂದು ಪರ್ವಕ್ಕೆ ಎರಡು ತಿಂಗಳು ಮೊದಲೇ ಕೇಳಬೇಕು. ಆ ವಿಚಾರಣೆಯೂ ವೈಯಾವೃತ್ಯವೇ.