ಮಗುವಿನ ಅಂಗಿ: ಚಂದಕ್ಕೋ, ಚಮಕಿಗೋ?

(ಸಂಘದ ಸಭೆಯಲ್ಲಿ ಒಬ್ಬರು ಓದಿ, ಎಲ್ಲರೂ ಕೂಡಿ ಚರ್ಚಿಸಲು)



ಜನವರಿಯಲ್ಲಿ ಹುಮನಾಬಾದದ ವೀರಭದ್ರೇಶ್ವರ ಜಾತ್ರೆ ಬಂತೆಂದರೆ ಬಟ್ಟೆ ದುಕಾನಗಳಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಬಸವಕಲ್ಯಾಣದಲ್ಲಿ ಬಸವ ಜಯಂತಿಗೂ ಹಾಗೆಯೇ. ಪಂಚಮಿ, ದೀಪಾವಳಿ, ರಮಜಾನ್, ಕ್ರಿಸ್ಮಸ್ ಯಾವ ಹಬ್ಬವೇ ಇರಲಿ, ನಾವು ಹಳೆ ಸೀರೆ ಉಟ್ಟರೂ ಮಕ್ಕಳಿಗೆ ಹೊಸ ಅಂಗಿ ತರುತ್ತೇವೆ. ತಪ್ಪಲ್ಲ. ತಾಯಿ-ತಂದೆಯ ಆಸೆ ಅದು.

ಆದರೆ ಜಾತ್ರೆ ಮುಗಿದ ಮೇಲೆ ನಡೆದ ಒಂದು ಸಭೆಯಲ್ಲಿ ಒಬ್ಬ ಸದಸ್ಯೆ ಕೈಚೀಲದಿಂದ ಒಂದು ಫ್ರಾಕ್ ತೆಗೆದು ಎಲ್ಲರ ಮುಂದೆ ಇಟ್ಟಳು. ನೆಟ್ ಬಟ್ಟೆ, ಎದೆ ತುಂಬ ಚಮಕಿ, ಹೆಗಲಿಗೆ ಎರಡು ಸಣ್ಣ ದಾರ. ಏಳು ವರ್ಷದ ಮಗಳಿಗೆ ತಂದದ್ದು.

“ನೋಡ್ರಿ ಸಿಸ್ಟರ್, ಸಂಘದಾಗ ಸಾಲ ತಗೊಂಡು ಕೊಡಿಸಿದ್ದೆ. ಪೋರಿ ಜಾತ್ರಿಯೊಳಗ ತೊಟ್ಟಿಲು ಹತ್ತಲಿಲ್ಲ, ಓಡಲಿಲ್ಲ. ಮೈಯೆಲ್ಲ ಕೆರಕೋತ ನನ್ನ ಸೆರಗು ಹಿಡಕೊಂಡೇ ನಿಂತಳು. ಅವರಣ್ಣ ಮಾತ್ರ ಚಡ್ಡಿ-ಅಂಗಿ ಹಾಕ್ಕೊಂಡು ಜಾತ್ರಿಯೆಲ್ಲ ಸುತ್ತಿ ಬಂದ. ಒಂದು ಸಲ ತೊಳದ್ರ ಹೊಲಿಗಿ ಬಿಚ್ಚಿತು. ದುಕಾನಕ್ಕ ಹೋದ್ರ ‘ಮಾರಿದ ಮಾಲು ವಾಪಸ್ ಇಲ್ಲ’ ಅಂತ ಬೋರ್ಡ್ ತೋರಿಸಿದ್ರು.”

ಅಷ್ಟು ಹೇಳಿದ್ದೇ ತಡ, ಎಲ್ಲರೂ ಮಾತಾಡಲು ಶುರು ಮಾಡಿದರು. ಆ ದಿನದ ಮಾತುಗಳೇ ಈ ಪಾಠ.

ನಮ್ಮ ಸದಸ್ಯೆಯರು ಹೇಳಿದ ದೂರುಗಳು

“ಐದು ವರ್ಷದ ಹುಡುಗಿಗೆ ಸಿನೆಮಾ ಹೀರೋಯಿನ್‌ದಂಥ ಡ್ರೆಸ್. ತುಂಬು ತೋಳಿಂದು ಕೇಳಿದ್ರ ‘ಈಗ ಅದು ಬರೂದೇ ಇಲ್ಲ ಅಕ್ಕ’ ಅಂತಾರ.”

“ಹುಡುಗರ ಚಡ್ಡಿಗೆ ನಾಲ್ಕು ಕಿಸೆ. ಹುಡುಗಿ ಫ್ರಾಕಿಗೆ ಒಂದೂ ಇಲ್ಲ. ಅಕಿ ಪೆನ್ಸಿಲು, ರೂಪಾಯಿ ಎಲ್ಲಿ ಇಡಬೇಕು?”

“ಬಿಸಿಲು 40 ಡಿಗ್ರಿ ಹತ್ರ ಹೋಗ್ತದ. ಅಂಥಾದ್ರಾಗ ಮೈಗೆ ಅಂಟೋ ಪಾಲಿಸ್ಟರ್.”

“ಚೀಟಿ ಮ್ಯಾಲ ಆರು ವರ್ಷ ಅಂತ ಬರದಿರ್ತದ. ನಮ್ಮ ಆರು ವರ್ಷದವನಿಗೆ ಒಂದು ಕಂಪನಿದು ದೊಡ್ಡದು, ಇನ್ನೊಂದರದು ತಲೀನೇ ಹೋಗಂಗಿಲ್ಲ.”

ಇನ್ನೊಬ್ಬ ತಾಯಿ ಮಗನ ಟೀ ಶರ್ಟ್ ತೋರಿಸಿ, ಅದರ ಮೇಲಿನ ಇಂಗ್ಲಿಷ್ ಅಕ್ಷರ ಏನೆಂದು ಕೇಳಿದಳು. ಓದಿ ಹೇಳಿದೆ: ‘ನನಗೆ ಶಾಲೆ ಅಂದರೆ ಅಲರ್ಜಿ.’ ಆ ತಾಯಿ ಕೂಲಿ ಮಾಡಿ ಮಗನನ್ನು ಶಾಲೆಗೆ ಕಳಿಸುತ್ತಿದ್ದಾಳೆ. ಎಲ್ಲರೂ ನಕ್ಕರು, ಅವಳಿಗೆ ಮಾತ್ರ ನಗು ಬರಲಿಲ್ಲ. ಓದಲು ಬಾರದ ಭಾಷೆಯ ಬರಹವಿದ್ದ ಅಂಗಿ ಕೊಳ್ಳುವ ಮೊದಲು ಓದು ಬಲ್ಲವರನ್ನು ಕೇಳಬೇಕು ಎಂಬುದು ಆ ದಿನ ನಾವು ಕಲಿತ ಮೊದಲ ಮಾತು.

ಹೀಗೇಕೆ ಆಗುತ್ತದೆ?

ದುಕಾನದವನನ್ನು ಬೈದರೆ ಉಪಯೋಗವಿಲ್ಲ. ಅವನು ಹೊಲಿಯುವವನಲ್ಲ, ತಂದು ಮಾರುವವನು. ಟೀ ಶರ್ಟ್, ಬನಿಯನ್ ಮೊದಲಾದ ಹೆಣಿಗೆ ಬಟ್ಟೆಗೆ ತಮಿಳುನಾಡಿನ ತಿರುಪ್ಪೂರು ಹೆಸರಾಗಿದೆ. ಜೀನ್ಸ್‌ಗೆ ನಮ್ಮ ಬಳ್ಳಾರಿ, ಶಾಲಾ ಸಮವಸ್ತ್ರಕ್ಕೆ ಪಕ್ಕದ ಸೊಲ್ಲಾಪುರ ಹೆಸರಾಗಿವೆ. ಅಲ್ಲಿ ಒಂದೇ ನಮೂನೆಯನ್ನು ಸಾವಿರಾರು ಲೆಕ್ಕದಲ್ಲಿ ಕತ್ತರಿಸುತ್ತಾರೆ. ಯಾವ ನಮೂನೆ ಬೇಕೆಂದು ನಮ್ಮನ್ನು ಯಾರೂ ಕೇಳುವುದಿಲ್ಲ.

ಎರಡನೆಯದು ಉಳಿತಾಯ. ಕಿಸೆ ಇಡಲು ಬಟ್ಟೆಯೂ ಬೇಕು, ಕೂಲಿಯೂ ಬೇಕು. ಉದ್ದ ತೋಳಿಗೆ ಬಟ್ಟೆ ಹೆಚ್ಚು ಬೇಕು. ಹೊಲಿಗೆಯ ಒಳಗೆ ಬಿಡುವ ಬಟ್ಟೆ ಕಡಿಮೆ ಮಾಡಿದರೆ ಒಂದು ತಾನಿನಲ್ಲಿ ಹೆಚ್ಚು ಅಂಗಿ ಬರುತ್ತವೆ. ಹತ್ತಿ ಬಟ್ಟೆಗಿಂತ ಪಾಲಿಸ್ಟರ್ ಸಾಮಾನ್ಯವಾಗಿ ಅಗ್ಗ, ಮಿಂಚೂ ಹೆಚ್ಚು. ಮಿಂಚಿದ್ದು ದೂರದಿಂದಲೇ ಕಣ್ಣಿಗೆ ಬೀಳುತ್ತದೆ.

ಮೂರನೆಯದು ನಾವೇ. ಟಿ.ವಿ.ಯಲ್ಲಿ ಕಂಡದ್ದನ್ನು ಕೇಳುತ್ತೇವೆ. “ಪಕ್ಕದ ಮನೆಯವರ ಮಗಳಿಗಿಂತ ನಮ್ಮದು ಕಡಿಮೆ ಆಗಬಾರದು” ಅನ್ನುತ್ತೇವೆ. ಕೊಳ್ಳುವವರು ಇರುವತನಕ ಅಂಥದ್ದೇ ಮಾಲು ಬರುತ್ತದೆ.

ಗುಲಾಬಿ ಬಣ್ಣ ಹುಡುಗಿಗೆ, ನೀಲಿ ಹುಡುಗನಿಗೆ ಎನ್ನುವುದೂ ವ್ಯಾಪಾರ ಬೆಳೆಸಿದ ರೂಢಿಯೇ. 1918ರಲ್ಲಿ ಅಮೆರಿಕದ ಒಂದು ವ್ಯಾಪಾರಿ ಪತ್ರಿಕೆ ಗುಲಾಬಿ ಗಂಡು ಮಕ್ಕಳಿಗೆ, ನೀಲಿ ಹೆಣ್ಣು ಮಕ್ಕಳಿಗೆ ಒಪ್ಪುತ್ತದೆ ಎಂದು ಬರೆದಿತ್ತು! ನಮ್ಮ ಅಜ್ಜಿಯರು ಕೂಸು ಗಂಡೋ ಹೆಣ್ಣೋ, ಒಂದೇ ಥರದ ಕುಂಚಿಗೆ ಹಾಕುತ್ತಿದ್ದರು. ಅಣ್ಣನದು ತಂಗಿಗೆ, ತಂಗಿಯದು ಚಿಕ್ಕಮ್ಮನ ಕೂಸಿಗೆ ಹೋಗುತ್ತಿತ್ತು. ಬಣ್ಣ ಬೇರೆ ಮಾಡಿದರೆ ಪ್ರತಿ ಕೂಸಿಗೂ ಹೊಸದು ಕೊಳ್ಳಬೇಕಾಗುತ್ತದೆ. ಲಾಭ ಯಾರಿಗೆ, ಯೋಚಿಸಿ.

ಒಂದು ಗಂಭೀರ ಮಾತು

ತೋಳಿಲ್ಲದ ಅಂಗಿಯ ಮಾತು ಬಂದಾಗ ಒಬ್ಬರು, “ಇಂಥ ಬಟ್ಟಿ ಹಾಕಿದ್ರ ಪೋರಿಗೆ ಏನಾರ ಆದೀತು” ಅಂದರು. ತಾಯಿಯ ಭಯ ನನಗೆ ಅರ್ಥವಾಗುತ್ತದೆ. ಆದರೆ ಇದನ್ನು ನಾವು ತಿದ್ದಿಕೊಳ್ಳಬೇಕು. ಮಗುವಿನ ಮೇಲೆ ಕೈ ಹಾಕುವುದು ಅಪರಾಧ. ಅದರ ಹೊಣೆ ಅಪರಾಧಿಯದು, ಅಂಗಿಯದಲ್ಲ, ಮಗುವಿನದಂತೂ ಅಲ್ಲವೇ ಅಲ್ಲ. ಮೈತುಂಬ ಬಟ್ಟೆ ಹಾಕಿದ ಮಕ್ಕಳಿಗೂ, ಗಂಡು ಮಕ್ಕಳಿಗೂ ಇಂಥ ಹಿಂಸೆ ಆಗಿದೆ. 2012ರ ಪೋಕ್ಸೋ ಕಾಯ್ದೆ 18 ವರ್ಷದೊಳಗಿನ ಎಲ್ಲ ಮಕ್ಕಳನ್ನೂ ರಕ್ಷಿಸುತ್ತದೆ. ಅದರಲ್ಲಿ ಹುಡುಗ, ಹುಡುಗಿ ಎಂಬ ಭೇದ ಇಲ್ಲ.

“ನಿನ್ನ ಬಟ್ಟೆಯಿಂದ ಹೀಗಾಯ್ತು” ಎಂದು ಒಂದು ಸಲ ಅಂದರೆ, ನಾಳೆ ಏನಾದರೂ ಆದಾಗ ಆ ಮಗು ನಮ್ಮ ಮುಂದೆ ಬಾಯಿ ಬಿಡುವುದಿಲ್ಲ. ಅದೇ ದೊಡ್ಡ ಅಪಾಯ. ಆದ್ದರಿಂದ ಅಂಗಿ ಆರಿಸುವಾಗ “ಜನ ಏನಂತಾರೆ?” ಎಂದು ಕೇಳುವುದರ ಬದಲು “ಮಗುವಿಗೆ ಆರಾಮ ಇದೆಯಾ, ಆಡಲು ಬರುತ್ತದಾ?” ಎಂದು ಕೇಳೋಣ. ಮಕ್ಕಳಿಗೆ ತೊಂದರೆಯಾದರೆ 1098ಕ್ಕೆ ಉಚಿತವಾಗಿ ಫೋನ್ ಮಾಡಬಹುದು. ಈ ನಂಬರನ್ನು ಮಕ್ಕಳಿಗೂ ಬಾಯಿಪಾಠ ಮಾಡಿಸಿ.

ಕೊಳ್ಳುವಾಗ ನೋಡಬೇಕಾದದ್ದು

1. ವಯಸ್ಸಲ್ಲ, ಅಳತೆ. ಮಗುವಿಗೆ ಈಗ ಸರಿಯಾಗಿ ಕೂಡುವ ಒಂದು ಅಂಗಿ ತೆಗೆದು ಎದೆಯ ಅಗಲ, ಉದ್ದ, ತೋಳು ಅಳೆಯಿರಿ. ಟೇಪ್ ಇಲ್ಲದಿದ್ದರೆ ಒಂದು ದಾರಕ್ಕೆ ಗಂಟು ಹಾಕಿಕೊಂಡು ಹೋಗಿ. ಬಿಡಿಯಾಗಿ ಮಾರುವ ಸಿದ್ಧ ಉಡುಪಿನ ಮೇಲೆ ಅಳತೆಯನ್ನು ಸೆಂಟಿಮೀಟರ್‌ನಲ್ಲಿ ಮತ್ತು ಗರಿಷ್ಠ ಮಾರಾಟ ಬೆಲೆಯನ್ನು (ಎಂ.ಆರ್.ಪಿ.) ನಮೂದಿಸಬೇಕು ಎಂಬ ನಿಯಮವಿದೆ. ಒಂದು ಇಂಚು ಎಂದರೆ ಸುಮಾರು ಎರಡೂವರೆ ಸೆಂಟಿಮೀಟರ್.

2. ಬಗ್ಗಿಸಿ ನೋಡಿ. ಮಗು ಅಂಗಿ ಹಾಕಿಕೊಂಡು ಕುಕ್ಕರುಗಾಲಲ್ಲಿ ಕೂಡಲಿ, ಎರಡೂ ಕೈ ಮೇಲೆತ್ತಲಿ. ಬಿಗಿದರೆ ಬೇಡ.

3. ಒಳಗೆ ತಿರುಗಿಸಿ ನೋಡಿ. ಚಮಕಿಯ ಹಿಂಬದಿ ಚುಚ್ಚುತ್ತದಾ? ಒಳಗೆ ಹತ್ತಿಯ ಅಸ್ತರ ಇದೆಯಾ? ಹೊಲಿಗೆಯ ಆಚೆ ಅರ್ಧ ಇಂಚಾದರೂ ಬಟ್ಟೆ ಬಿಟ್ಟಿದ್ದಾರಾ? ಕೆಳಗಿನ ಮಡಿಕೆ ಅಗಲವಿದ್ದರೆ ಮುಂದಿನ ವರ್ಷ ಬಿಚ್ಚಿ ಉದ್ದ ಮಾಡಬಹುದು. ಪರಕರಕ್ಕೆ ನಮ್ಮ ತಾಯಂದಿರು ಎರಡು-ಮೂರು ಮಡಿಕೆ ಹಾಕಿಸುತ್ತಿದ್ದದ್ದು ಇದಕ್ಕೇ.

4. ಸುರಕ್ಷತೆ. ಕೂಸಿನ ಅಂಗಿಗೆ ಕುತ್ತಿಗೆ ಹತ್ತಿರ ಉದ್ದ ದಾರ ಬೇಡ, ಎಲ್ಲಾದರೂ ಸಿಕ್ಕಿಕೊಂಡರೆ ಉರುಲು ಆಗುತ್ತದೆ. ಸಡಿಲವಾದ ಗುಂಡಿ, ಮಣಿಗಳನ್ನು ಕೂಸು ನುಂಗಬಹುದು. ಪಾಲಿಸ್ಟರ್, ನೈಲಾನ್‌ಗೆ ಬೆಂಕಿ ತಾಗಿದರೆ ಕರಗಿ ಮೈಗೆ ಅಂಟುತ್ತದೆ. ಹತ್ತಿಯೂ ಉರಿಯುತ್ತದೆ, ಅದಕ್ಕೇ ಘೇರು ಹೆಚ್ಚಿದ ಬಟ್ಟೆ ಹಾಕಿದ ಮಗುವನ್ನು ಒಲೆ, ದೀಪ, ಪಟಾಕಿ ಹತ್ತಿರ ಬಿಡಬೇಡಿ. ದೊಡ್ಡ ಹುಡುಗಿಯರು ಬೈಕ್ ಮೇಲೆ ಕೂಡುವಾಗ ದುಪಟ್ಟಾ ಗಾಲಿಗೆ ಸಿಗದಂತೆ ಕಟ್ಟಿಕೊಳ್ಳಲಿ. ಹೊಸ ಬಟ್ಟೆ ಒಮ್ಮೆ ತೊಳೆದೇ ಹಾಕಿರಿ.

5. ಬಿಲ್ಲು ಕೇಳಿ. ಗರಿಷ್ಠ ಬೆಲೆಯಲ್ಲಿ ಎಲ್ಲ ತೆರಿಗೆ ಸೇರಿರುತ್ತದೆ. ಅದರ ಮೇಲೆ “ಜಿಎಸ್‌ಟಿ ಬೇರೆ” ಎಂದು ಕೇಳುವಂತಿಲ್ಲ.

‘ವಾಪಸ್ ಇಲ್ಲ’ ಎಂಬ ಬೋರ್ಡ್

2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈ 20ರಿಂದ ಜಾರಿಗೆ ಬಂದಿದೆ. ಬಿಲ್ಲು ಕೊಡದಿರುವುದು ಅದರ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ. ದೋಷವಿರುವ ಮಾಲನ್ನು ಬಿಲ್ಲಿನಲ್ಲಿ ಬರೆದ ಅವಧಿಯೊಳಗೆ, ಅವಧಿ ಬರೆಯದಿದ್ದರೆ 30 ದಿನದೊಳಗೆ, ವಾಪಸ್ ಪಡೆದು ಹಣ ಕೊಡಲು ನಿರಾಕರಿಸುವುದೂ ಹಾಗೆಯೇ. ಬೋರ್ಡ್ ಹಾಕಿದ ಮಾತ್ರಕ್ಕೆ ಈ ಹಕ್ಕು ಹೋಗುವುದಿಲ್ಲ.

ಆದರೆ ನ್ಯಾಯವಾಗಿ ತಿಳಿಯೋಣ. ಹೊಲಿಗೆ ಬಿಚ್ಚಿದ್ದು, ಬಣ್ಣ ಬಿಟ್ಟದ್ದು, ಅಳತೆ ತಪ್ಪಾಗಿ ಬರೆದದ್ದು ದೋಷ. “ಮಗಳಿಗೆ ಬಣ್ಣ ಸೇರಲಿಲ್ಲ” ಎಂಬುದು ದೋಷವಲ್ಲ. ಅದಕ್ಕೆ ದುಕಾನದವನು ಬದಲಿಸಿ ಕೊಟ್ಟರೆ ಅವನ ಒಳ್ಳೆಯತನ.

ಮೊದಲು ಇಬ್ಬರು-ಮೂವರು ಕೂಡಿ ಹೋಗಿ ಸಮಾಧಾನದಿಂದ ಮಾತಾಡಿ. ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಕೊನೆಗೆ ಜಿಲ್ಲಾ ಗ್ರಾಹಕ ಆಯೋಗ ಇದೆ. 5 ಲಕ್ಷ ರೂಪಾಯಿವರೆಗಿನ ಖರೀದಿಯ ದೂರಿಗೆ ಅಲ್ಲಿ ಶುಲ್ಕ ಇಲ್ಲ. ಎಲ್ಲದಕ್ಕೂ ಬಿಲ್ಲು ಬೇಕು. ನಮ್ಮ ಸದಸ್ಯೆಯ ಹತ್ತಿರ ಅದೇ ಇರಲಿಲ್ಲ.

ಸಾಲದ ಲೆಕ್ಕ

ಹಬ್ಬದ ಬಟ್ಟೆಗೆ ಸಂಘದಿಂದ 2,000 ರೂಪಾಯಿ ಸಾಲ ಪಡೆದಿರಿ ಅನ್ನೋಣ. ಬಡ್ಡಿ ನೂರಕ್ಕೆ ತಿಂಗಳಿಗೆ 2 ರೂಪಾಯಿ, ತಿಂಗಳಿಗೆ 200ರಂತೆ ಅಸಲು ತೀರಿಸುತ್ತೀರಿ. ಮೊದಲ ತಿಂಗಳ ಬಡ್ಡಿ 40, ಎರಡನೆಯದು 36, ಹೀಗೆ ಇಳಿಯುತ್ತಾ ಹತ್ತನೇ ತಿಂಗಳಿಗೆ 4 ರೂಪಾಯಿ. ಒಟ್ಟು ಬಡ್ಡಿ 220. ಸಾಲ ತೀರುವ ಹೊತ್ತಿಗೆ ಮಗು ಬೆಳೆದು ಅಂಗಿ ಗಿಡ್ಡ ಆಗಿರುತ್ತದೆ!

ಅದೇ ತಿಂಗಳಿಗೆ 100 ರೂಪಾಯಿಯಂತೆ ‘ಬಟ್ಟೆ ಉಳಿತಾಯ’ ಬೇರೆ ಇಟ್ಟರೆ ವರ್ಷಕ್ಕೆ 1,200 ಆಗುತ್ತದೆ. ಬಡ್ಡಿ ಇಲ್ಲ, ಜಾತ್ರೆಯ ಹಿಂದಿನ ದಿನ ಓಡಾಟವೂ ಇಲ್ಲ. ಹಂಗಾಮಿನ ಮೊದಲೇ ಹೋದರೆ ಆರಿಸಲು ಸಮಯವೂ ಇರುತ್ತದೆ.

ನಮ್ಮ ಕೈಯಲ್ಲೇ ಸೂಜಿ

ಬಸವಕಲ್ಯಾಣದ ಮಣ್ಣಿನಲ್ಲಿ ನಿಂತು ಈ ಮಾತು ಹೇಳಲೇಬೇಕು. 12ನೇ ಶತಮಾನದ ಶರಣರಲ್ಲಿ ಸೂಜಿಕಾಯಕದ ರಾಮಿತಂದೆ ಹೊಲಿಗೆಯಿಂದ ಬದುಕಿದವರು. ಕದಿರೆ ರೆಮ್ಮವ್ವೆ ನೂಲುತ್ತಾ ಬದುಕಿದ ಶರಣೆ. ಇಬ್ಬರೂ ವಚನ ಬರೆದವರು. ಸೂಜಿ-ದಾರದ ಕೆಲಸವನ್ನು ಕೀಳು ಎಂದು ಕಲ್ಯಾಣ ಎಂದೂ ಎಣಿಸಲಿಲ್ಲ.

ನಮ್ಮ ಸಂಘಗಳಲ್ಲಿ ಹೊಲಿಗೆ ಬಲ್ಲವರು ಇದ್ದಾರೆ, ಮನೆಯಲ್ಲಿ ಮಷಿನ್ ಧೂಳು ತಿನ್ನುತ್ತಿದೆ. ದುಕಾನದಲ್ಲಿ ಸಿಗದ ತೋಳಿರುವ, ಕಿಸೆ ಇರುವ, ಹತ್ತಿಯ ಫ್ರಾಕನ್ನು ನಾವೇ ಹೊಲಿದರೆ ಕೊಳ್ಳುವವರು ನಮ್ಮ ನಡುವೆಯೇ ಇದ್ದಾರೆ. ಮೊದಲು ಹತ್ತು ಹೊಲಿದು ನೋಡಿ. ಬಟ್ಟೆ, ದಾರ, ಗುಂಡಿ, ಕರೆಂಟು, ನಿಮ್ಮ ದಿನದ ಕೂಲಿ ಎಲ್ಲ ಬರೆದು ಬೆಲೆ ಇಡಿ. ಕೂಲಿ ಬಿಟ್ಟು ಲೆಕ್ಕ ಹಾಕುವುದು ನಮ್ಮ ಹಳೆ ತಪ್ಪು.

2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿ.ಎಂ. ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಹೊಲಿಗೆಯೂ ಇದೆ. ತರಬೇತಿಯ ದಿನಗಳಲ್ಲಿ ದಿನಕ್ಕೆ 500 ರೂಪಾಯಿ, ಉಪಕರಣಕ್ಕೆ 15,000 ರೂಪಾಯಿವರೆಗೆ ನೆರವು, ನಂತರ ಮೊದಲ ಕಂತಿನಲ್ಲಿ 1 ಲಕ್ಷದವರೆಗೆ ಶೇ. 5ರ ಬಡ್ಡಿಯಲ್ಲಿ ಸಾಲ ಅದರ ಸೌಲಭ್ಯಗಳು. 18 ವರ್ಷ ತುಂಬಿರಬೇಕು, ಒಂದು ಕುಟುಂಬದಿಂದ ಒಬ್ಬರಿಗೆ ಮಾತ್ರ. ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಿ. ಹೊಸದಾಗಿ ಕಲಿಯುವವರಿಗೆ ಗ್ರಾಮೀಣ ಸ್ವ-ಉದ್ಯೋಗ ತರಬೇತಿ ಸಂಸ್ಥೆಗಳಲ್ಲಿ ಉಚಿತ ತರಬೇತಿ ಇರುತ್ತದೆ.

ಆ ಫ್ರಾಕ್ ಏನಾಯಿತು?

ಸಭೆಯಲ್ಲೇ ಇದ್ದ ಹೊಲಿಗೆಯ ಸದಸ್ಯೆ ಅದನ್ನು ಮನೆಗೆ ಒಯ್ದಳು. ಹಳೆಯ ಹತ್ತಿ ಸೀರೆಯ ತುಂಡಿನಿಂದ ಒಳಗೆ ಅಸ್ತರ ಕೊಟ್ಟಳು. ದಾರದ ಜಾಗದಲ್ಲಿ ಅದೇ ಸೀರೆಯ ಅಂಚಿನಿಂದ ತೋಳು ಇಟ್ಟಳು. ಚುಚ್ಚುವ ಚಮಕಿ ತೆಗೆದು, ಪಕ್ಕಕ್ಕೆ ಒಂದು ಕಿಸೆ ಮಾಡಿದಳು.

ಮುಂದಿನ ತಿಂಗಳು ಆ ಹುಡುಗಿ ಅದನ್ನೇ ಹಾಕಿಕೊಂಡು ತಾಯಿಯ ಜೊತೆ ಬಂದಿದ್ದಳು. “ಕಿಸೆದಾಗ ಏನೈತಿ ಪುಟ್ಟಿ?” ಎಂದು ಕೇಳಿದೆ. ಮುಷ್ಟಿ ತುಂಬ ಹುಣಸೆ ಬೀಜ ತೆಗೆದು ತೋರಿಸಿ, ಆಡಲು ಹೊರಗೆ ಓಡಿದಳು.

ಸಂಘದಲ್ಲಿ ಚರ್ಚಿಸಿ

1. ಕಳೆದ ಹಬ್ಬಕ್ಕೆ ಮಕ್ಕಳ ಬಟ್ಟೆಗೆ ನಾವು ಎಷ್ಟು ಖರ್ಚು ಮಾಡಿದೆವು? ಅದರಲ್ಲಿ ಸಾಲ ಎಷ್ಟು?
2. ಆರಿಸುವಾಗ ಮಗುವನ್ನು ಕೇಳಿದೆವಾ? ಹುಡುಗನಿಗೂ ಹುಡುಗಿಗೂ ಆಡಲು ಒಂದೇ ಅನುಕೂಲ ಕೊಟ್ಟೆವಾ?
3. ನಮ್ಮ ಸಂಘದಲ್ಲಿ ಹೊಲಿಗೆ ಬಲ್ಲವರು ಎಷ್ಟು ಜನ? ಓಡುವ ಮಷಿನ್ ಎಷ್ಟು?
4. ಬೆಳೆದ ಮಕ್ಕಳ ಒಳ್ಳೆಯ ಬಟ್ಟೆಗಳನ್ನು ಸಭೆಗೆ ತಂದು ಒಬ್ಬರಿಗೊಬ್ಬರು ಬದಲಿಸಿಕೊಳ್ಳಬಹುದೇ?

ಈ ತಿಂಗಳ ಕೆಲಸ: ಪ್ರತಿಯೊಬ್ಬರೂ ತಮ್ಮ ಮಗುವಿನ ಅಳತೆ ಬರೆದ ಚೀಟಿ, ಮತ್ತು ಮುಂದೆ ಏನೇ ಬಟ್ಟೆ ಕೊಂಡರೂ ಅದರ ಬಿಲ್ಲು, ಸಂಘದ ಪುಸ್ತಕದ ಜೊತೆ ತರಬೇಕು. ಚರ್ಚೆಯಲ್ಲಿ ಬಂದ ಮಾತುಗಳನ್ನು ನಡಾವಳಿ ಪುಸ್ತಕದಲ್ಲಿ ಬರೆಯಿರಿ. ಮುಂದಿನ ಸಭೆಯಲ್ಲಿ ಓದೋಣ.