ಬೆಟ್ಟದ ತಪ್ಪಲಿನ ಕೈತೋಟಕ್ಕೆ ಏಳು ಸೂತ್ರಗಳು

ಚಾಮುಂಡಿ ಬೆಟ್ಟದ ಬುಡದ ಬಡಾವಣೆಗಳಲ್ಲಿ ಹಿತ್ತಲು ಅಗೆದರೆ ಸಿಗುವುದು ಹೆಚ್ಚಾಗಿ ಗರಸು ಬೆರೆತ ಕೆಮ್ಮಣ್ಣು. ನೀರಿನ ಜೊತೆ ಸಾರವೂ ಬೇಗ ಇಳಿದುಹೋಗುತ್ತದೆ. ಇಂಥ ಮಣ್ಣಲ್ಲಿ ಸಾರಜನಕ, ರಂಜಕ ಎರಡೂ ಸಾಮಾನ್ಯವಾಗಿ ಕಡಿಮೆ. ಸಾವಯವದಲ್ಲೇ ಸರಿಪಡಿಸಬಹುದು, ಕಂಡ ಕಂಡ ಹಿಂಡಿ ಸುರಿದರೆ ಮಾತ್ರ ಆಗದು.

1. ಮೊದಲು ಮಣ್ಣು ಪರೀಕ್ಷೆ. ಎಂಟು-ಹತ್ತು ಕಡೆ ಅರ್ಧ ಅಡಿ ಆಳಕ್ಕೆ ‘ವಿ’ ಆಕಾರದ ಗುಂಡಿ ತೆಗೆದು, ಅಂಚಿನ ಮಣ್ಣು ಕೆರೆದು ಬೆರೆಸಿ, ನೆರಳಲ್ಲಿ ಒಣಗಿಸಿ ಅರ್ಧ ಕೆ.ಜಿ. ಕೊಡಿ. ಈಚೆಗೆ ಗೊಬ್ಬರ ಹಾಕಿದ ಜಾಗ ಬೇಡ. ಸಲಹೆಗೆ ಸುತ್ತೂರಿನ ಜೆಎಸ್‌ಎಸ್ ಕೃಷಿ ವಿಜ್ಞಾನ ಕೇಂದ್ರವಿದೆ, ನಾಗನಹಳ್ಳಿಯ ಸಾವಯವ ಕೃಷಿ ಸಂಶೋಧನಾ ಕೇಂದ್ರವಿದೆ.

2. ಎಲೆ ಓದಿ. ಕೆಳಗಿನ ಹಳೇ ಎಲೆ ಪೂರ್ತಿ ಹಳದಿಯಾದರೆ ಸಾರಜನಕದ ಕೊರತೆ; ಅಂಚು ಸುಟ್ಟಂತಾದರೆ ಪೊಟ್ಯಾಷ್‌ನದು. ದಾಸವಾಳದ ತುದಿ ಚಿಗುರು ಬಿಳಿಚಿಕೊಂಡು ನರ ಮಾತ್ರ ಹಸಿರಾಗಿ ಉಳಿದರೆ ಕಬ್ಬಿಣದ್ದು. ಇದೊಂದು ವಿಚಿತ್ರ: ಈ ಮಣ್ಣಿನ ಕೆಂಪೇ ಕಬ್ಬಿಣದ್ದು! ಇದ್ದರೂ ಕ್ಷಾರ ಮಣ್ಣಲ್ಲಿ ಬೇರಿಗೆ ದಕ್ಕುವುದಿಲ್ಲ. ವರ್ಷಗಟ್ಟಲೆ ಗಡಸು ಬೋರ್‌ವೆಲ್ ನೀರು ಕುಡಿದ ಮಣ್ಣು ಕ್ಷಾರವಾಗಿರುತ್ತದೆ. ಅಲ್ಲಿ ಬೂದಿ, ಸುಣ್ಣ ನಿಲ್ಲಿಸಿ. ಮಳೆನೀರು ಹಿಡಿದು ಹಾಕಿ, ಕಾಂಪೋಸ್ಟ್ ಹೆಚ್ಚಿಸಿ.

3. ಸಾರಜನಕಕ್ಕೆ ಹಿಂಡಿ. ನೂರು ಕೆ.ಜಿ. ಕೊಟ್ಟಿಗೆ ಗೊಬ್ಬರದಲ್ಲಿ ಸಾರಜನಕ ಸುಮಾರು ಅರ್ಧ ಕೆ.ಜಿ.; ಅಷ್ಟೇ ಹೊಂಗೆ ಹಿಂಡಿಯಲ್ಲಿ ಸುಮಾರು 4, ಬೇವಿನ ಹಿಂಡಿಯಲ್ಲಿ 5. ಹಾಗೆಂದು ಕೊಟ್ಟಿಗೆ ಗೊಬ್ಬರ ಬಿಡಬೇಡಿ, ಮಣ್ಣಿಗೆ ನೀರು ಹಿಡಿಯುವ ಗುಣ ಬರುವುದು ಅದರಿಂದಲೇ. ಖಾಲಿ ಮಡಿಯಲ್ಲಿ ಅಲಸಂದೆ ಬಿತ್ತಿ, ಹೂ ಬಿಡುವ ಹೊತ್ತಿಗೆ ಮಣ್ಣಿಗೆ ಸೇರಿಸಿ.

4. ರಂಜಕಕ್ಕೆ ಮೂಳೆ ಪುಡಿ. ಮೇಲೆ ಉದುರಿಸಬೇಡಿ, ನಾಟಿ ಗುಂಡಿಯಲ್ಲೇ ಬೆರೆಸಿ. ಕ್ಷಾರ ಮಣ್ಣಲ್ಲಿ ದಂಡ.

5. ಪೊಟ್ಯಾಷ್‌ಗೆ ಒಲೆ ಬೂದಿ, ಆದರೆ ಹುಳಿ ಮಣ್ಣಿಗಷ್ಟೇ, ಅದೂ ಹಿಡಿಯಷ್ಟು. ಹಸಿ ಸಗಣಿ ಜೊತೆ ಬೆರೆಸಿದರೆ ಸಾರಜನಕ ಗಾಳಿಗೆ ಹೋಗುತ್ತದೆ.

6. ಟೊಮೆಟೊ ಕಾಯಿಯ ತಳ ಕಪ್ಪಾಗಿ ಕೊಳೆತರೆ, ಮಣ್ಣಲ್ಲಿ ಕ್ಯಾಲ್ಸಿಯಂ ಇಲ್ಲವೆಂದು ಮೊಟ್ಟೆಚಿಪ್ಪು ಹುಡುಕಬೇಡಿ. ಬಹುಪಾಲು ಅದು ಒಂದು ದಿನ ನೀರು, ನಾಲ್ಕು ದಿನ ಒಣ ಬಿಟ್ಟದ್ದರ ಫಲ. ನೀರು ಒಂದೇ ಹದದಲ್ಲಿರಲಿ, ಮೇಲೆ ಮುಚ್ಚಿಗೆ ಇರಲಿ.

7. ತರಗೆಲೆಗೆಂದು ಬೆಟ್ಟಕ್ಕೆ ಕೈ ಹಾಕಬೇಡಿ. ಅದು ಮೀಸಲು ಅರಣ್ಯ, ಅಲ್ಲಿ ಬಿದ್ದ ಎಲೆ ಅಲ್ಲಿನ ಮರಗಳ ಊಟ. ನಿಮ್ಮ ಬೀದಿಯ ಹೊಂಗೆ ಮರಗಳೇನು ಕಡಿಮೆ ಉದುರಿಸುತ್ತವೆಯೇ? ಗುಡಿಸುವವರು ಬೆಂಕಿ ಇಡುವ ಮುಂಚೆ ಕೇಳಿ, ಮೂಟೆ ಕಟ್ಟಿ ಮನೆಗೆ ತನ್ನಿ.