ಹೆಲ್ಮೆಟ್‌ಗೆ ಬ್ಲೂಟೂತ್: ಕಾನೂನು ಎಲ್ಲಿಯವರೆಗೆ ಒಪ್ಪುತ್ತದೆ?

ಹೆಲ್ಮೆಟ್‌ಗೆ ಬ್ಲೂಟೂತ್ ಹೆಡ್‌ಸೆಟ್ ಹಾಕಿಸಲು ಬಂದ ಗಿರಾಕಿ ಬೆಲೆ ವಿಚಾರಿಸಿದ ಮೇಲೆ ಕೇಳುವ ಮಾತು ಸಾಮಾನ್ಯವಾಗಿ ಒಂದೇ: ‘ಪೊಲೀಸರು ಹಿಡಿಯಲ್ವಾ?’ ‘ಏನೂ ಆಗಲ್ಲ ಸಾರ್, ಎಲ್ಲರೂ ಹಾಕಿಸ್ತಾರೆ’ ಎಂದು ಅಂಗಡಿಯವರು ಧೈರ್ಯ ಹೇಳುತ್ತಾರೆ. ‘ದಂಡ ಗ್ಯಾರಂಟಿ’ ಎಂದು ಗೆಳೆಯರು ಹೆದರಿಸುತ್ತಾರೆ. ಎರಡೂ ಅರ್ಧ ನಿಜ. ಅದನ್ನೇ ನಂಬಿ ರಸ್ತೆಗಿಳಿದವರು ಒಂದೋ ಕಟ್ಟಬೇಕಿಲ್ಲದ ದಂಡ ಕಟ್ಟುತ್ತಾರೆ, ಇಲ್ಲವೇ ಮಾಡಬಾರದ್ದನ್ನು ತಮ್ಮ ಹಕ್ಕು ಎಂದುಕೊಂಡು ಮಾಡುತ್ತಾರೆ.

1988ರ ಮೋಟಾರು ವಾಹನ ಕಾಯ್ದೆ ನೇರವಾಗಿ ತಡೆಯುವುದು ಕೈಯಲ್ಲಿ ಹಿಡಿದ ಫೋನನ್ನು. 2019ರ ತಿದ್ದುಪಡಿಯಲ್ಲಿ 184ನೇ ಸೆಕ್ಷನ್‌ಗೆ ಒಂದು ವಿವರಣೆ ಸೇರಿತು. ಸಿಗ್ನಲ್ ಹಾರಿಸುವುದು, ಎದುರು ದಿಕ್ಕಿನಲ್ಲಿ ನುಗ್ಗುವುದು ಮುಂತಾದವುಗಳ ಜತೆಗೆ, ಗಾಡಿ ಓಡಿಸುವಾಗ ಕೈಯಲ್ಲಿ ಹಿಡಿಯುವ ಸಂಪರ್ಕ ಸಾಧನ ಬಳಸುವುದನ್ನೂ ಅಲ್ಲಿ ‘ಅಪಾಯಕಾರಿ ಚಾಲನೆ’ ಎಂದು ಎಣಿಸಲಾಗಿದೆ. ಮೊದಲ ಸಲ ಸಿಕ್ಕಿಬಿದ್ದರೆ ಆರು ತಿಂಗಳಿಗೆ ಕಡಿಮೆಯಿಲ್ಲದ, ಒಂದು ವರ್ಷದವರೆಗಿನ ಸಜೆ, ಅಥವಾ 1,000ದಿಂದ 5,000 ರೂಪಾಯಿ ದಂಡ, ಅಥವಾ ಎರಡೂ. ಮೂರು ವರ್ಷದೊಳಗೆ ಮತ್ತೆ ಸಿಕ್ಕರೆ ಸಜೆ ಎರಡು ವರ್ಷದವರೆಗೆ ಹೋಗಬಹುದು, ದಂಡ 10,000 ರೂಪಾಯಿ. ಸ್ಥಳದಲ್ಲೇ ಕಟ್ಟುವ ರಾಜಿ ದಂಡದ ಮೊತ್ತವನ್ನು ಆಯಾ ರಾಜ್ಯ ಸರ್ಕಾರ ನಿಗದಿ ಮಾಡುತ್ತದೆ. ಹಾಗಾಗಿ ಬೆಂಗಳೂರಿನಲ್ಲಿ ಕಟ್ಟಿದ ದಂಡಕ್ಕೂ ಗೋವಾದಲ್ಲಿ ಕಟ್ಟಿದ ದಂಡಕ್ಕೂ ವ್ಯತ್ಯಾಸವಿದ್ದರೆ ಅದು ಮೋಸವೇ ಆಗಿರಬೇಕಿಲ್ಲ.

2020ರ ಅಕ್ಟೋಬರ್ 1ರಿಂದ ಜಾರಿಯಾದ ನಿಯಮ ಇದಕ್ಕೊಂದು ವಿನಾಯಿತಿ ಕೊಟ್ಟಿದೆ. ದಾರಿ ನೋಡಿಕೊಳ್ಳುವುದಕ್ಕೆ ಮಾತ್ರ, ಚಾಲಕನ ಏಕಾಗ್ರತೆ ಕೆಡದ ರೀತಿಯಲ್ಲಿ, ಫೋನ್ ಬಳಸಬಹುದು. ಹ್ಯಾಂಡಲ್‌ನ ಹೋಲ್ಡರಿನಲ್ಲಿ ಕೂರಿಸಿದ ಫೋನಿನಲ್ಲಿ ಮ್ಯಾಪ್ ಹಾಕಿಕೊಂಡು, ‘ಇನ್ನೂರು ಮೀಟರ್ ಮುಂದೆ ಎಡಕ್ಕೆ’ ಎಂಬ ದನಿಯನ್ನು ಹೆಲ್ಮೆಟ್ ಸ್ಪೀಕರಿನಲ್ಲಿ ಕೇಳುತ್ತ ಹೋಗುವವರು ಈ ನಿಯಮದ ಒಳಗೇ ಇರುತ್ತಾರೆ. ಫೋನ್ ಜೇಬಿನಲ್ಲಿದ್ದು ಮಾತು ಹೆಲ್ಮೆಟ್‌ನ ಮೈಕಿನಲ್ಲಿ ನಡೆಯುತ್ತಿದ್ದರೆ ಅದನ್ನು ‘ಕೈಯಲ್ಲಿ ಹಿಡಿದ’ ಸಾಧನ ಎನ್ನಲು ಬರುವುದಿಲ್ಲ.

ಹೆಲ್ಮೆಟ್ಟಿಗೂ ಕೆನ್ನೆಗೂ ನಡುವೆ ಫೋನ್ ತುರುಕಿಕೊಂಡು ಮಾತಾಡುವವರನ್ನು ದಿನವೂ ನೋಡುತ್ತೇವೆ. ಡೆಲಿವರಿ ಕೆಲಸದ ಹುಡುಗರ ಕಷ್ಟ ನನಗೆ ಅರ್ಥವಾಗುತ್ತದೆ. ಗ್ರಾಹಕರ ಕರೆ ತಪ್ಪಿದರೆ ಅವರ ಅಂದಿನ ದುಡಿಮೆಗೇ ಪೆಟ್ಟು. ‘ಕೈ ಹ್ಯಾಂಡಲ್ ಮೇಲೇ ಇದೆಯಲ್ಲ’ ಎಂಬ ವಾದವೂ ಕೇಳಿಬರುತ್ತದೆ. ಈ ವಾದವನ್ನು ನಂಬಿಕೊಳ್ಳಬೇಡಿ. ಫೋನ್ ಜಾರಿದರೆ ಕೈ ತಾನಾಗಿ ಅತ್ತ ಹೋಗುತ್ತದೆ, ತುರುಕಿದ ಕಡೆ ಹೆಲ್ಮೆಟ್ ತಲೆಗೆ ಸರಿಯಾಗಿ ಕೂರುವುದಿಲ್ಲ. ಸಾಧಾರಣ ಬೆಲೆಯ ಹೆಲ್ಮೆಟ್ ಹೆಡ್‌ಸೆಟ್ ಒಂದು ಅವರ ಪಾಲಿಗೆ ಕೆಲಸದ ಸಲಕರಣೆ. ಅದನ್ನು ಕೊಡಿಸುವ ಹೊಣೆ ಅವರನ್ನು ದುಡಿಸಿಕೊಳ್ಳುವ ಕಂಪನಿಗಳದ್ದೇ ಆಗಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಹಾಗಾದರೆ ಹ್ಯಾಂಡ್ಸ್‌ಫ್ರೀ ಇದ್ದರೆ ಎಲ್ಲಕ್ಕೂ ಪರವಾನಗಿ ಸಿಕ್ಕಿತೇ? ಇಲ್ಲ. 184ನೇ ಸೆಕ್ಷನ್‌ನ ಅದೇ ವಿವರಣೆಯ ಕೊನೆಗೆ ಇನ್ನೊಂದು ಮಾತಿದೆ. ಎಚ್ಚರವುಳ್ಳ, ನುರಿತ ಚಾಲಕನಿಂದ ನಿರೀಕ್ಷಿಸುವ ಮಟ್ಟಕ್ಕಿಂತ ತೀರಾ ಕೆಳಗಿನ ಚಾಲನೆಯೂ ಅಪಾಯಕಾರಿಯೇ. ಕರೆಯಲ್ಲಿ ಮುಳುಗಿ ಲೇನ್ ತಪ್ಪಿ ಅಡ್ಡಾದಿಡ್ಡಿ ಓಡಿಸಿದವರು ‘ಫೋನ್ ಜೇಬಿನಲ್ಲಿತ್ತು’ ಎಂದು ಪಾರಾಗಲಾರರು. ಇದರ ಜತೆಗೆ 2017ರ ಮೋಟಾರು ವಾಹನ ಚಾಲನಾ ನಿಬಂಧನೆಗಳಿವೆ. ಗಮನ ಬೇರೆಡೆ ಸೆಳೆಯುವ ಯಾವ ಚಟುವಟಿಕೆಯಲ್ಲೂ ಚಾಲಕ ತೊಡಗಬಾರದು ಎನ್ನುತ್ತವೆ ಅವು. ನಿಬಂಧನೆ ಮುರಿದರೆ 177ಎ ಸೆಕ್ಷನ್ ಪ್ರಕಾರ 500ರಿಂದ 1,000 ರೂಪಾಯಿ ದಂಡ. ಎರಡು ಕಿವಿಗೂ ಇಯರ್‌ಬಡ್ ಬಿಗಿದು ಜೋರಾಗಿ ಹಾಡು ಕೇಳುವವರ ಮೇಲೆ ಕ್ರಮ ಕೈಗೊಳ್ಳಲು ಆಧಾರ ಹುಡುಕಿದರೆ ಸಿಗುವುದು ಇಲ್ಲೇ, ಕೈಯಲ್ಲಿ ಹಿಡಿದ ಫೋನಿನ ನಿಯಮದಲ್ಲಲ್ಲ. ಫ್ರಾನ್ಸ್ ದೇಶ 2015ರ ಜುಲೈನಲ್ಲಿ ಈ ಗೊಂದಲವನ್ನೇ ಕೊನೆಗಾಣಿಸಿತು: ಕಿವಿಯೊಳಗೆ ತೂರಿಸುವ ಇಯರ್‌ಫೋನ್ ಸವಾರಿಯಲ್ಲಿ ನಿಷಿದ್ಧ, ಹೆಲ್ಮೆಟ್ಟಿನಲ್ಲೇ ಅಳವಡಿಸಿದ ಸ್ಪೀಕರಿಗೆ ಒಪ್ಪಿಗೆ. ನಮ್ಮಲ್ಲೂ ಇಷ್ಟು ಸ್ಪಷ್ಟವಾಗಿ ಬರೆದಿಟ್ಟರೆ ಸವಾರರಿಗೂ ಪೊಲೀಸರಿಗೂ ರಸ್ತೆಬದಿಯ ವಾಗ್ವಾದ ತಪ್ಪುತ್ತದೆ.

ಆಂಬುಲೆನ್ಸಿಗೆ ದಾರಿ ಬಿಡದಿದ್ದರೆ 194ಇ ಸೆಕ್ಷನ್ ಕೆಳಗೆ ಆರು ತಿಂಗಳವರೆಗೆ ಸಜೆ ಅಥವಾ 10,000 ರೂಪಾಯಿ ದಂಡಕ್ಕೆ ಅವಕಾಶವಿದೆ. ಸೈರನ್ ಕೇಳಿಸಲಿಲ್ಲ ಎಂಬ ಉತ್ತರ, ಹಾಡಿನ ಸದ್ದು ಏರಿಸಿಕೊಂಡವರ ಬಾಯಲ್ಲಿ ನಿಲ್ಲುವುದಿಲ್ಲ.

ಕೇರಳ ಹೈಕೋರ್ಟಿನ ವಿಭಾಗೀಯ ಪೀಠ 2018ರಲ್ಲಿ ಕೊಟ್ಟ ತೀರ್ಪೊಂದನ್ನು ವಾಟ್ಸ್‌ಆ್ಯಪ್‌ನಲ್ಲಿ ಹಂಚುವವರಿದ್ದಾರೆ. ಗಾಡಿ ಓಡಿಸುತ್ತ ಮೊಬೈಲಿನಲ್ಲಿ ಮಾತಾಡಿದ್ದೇ ಅಪರಾಧವಾಗುವುದಿಲ್ಲ, ಸಾರ್ವಜನಿಕರಿಗೆ ಅಪಾಯವಾಗಿರಬೇಕು ಎಂದು ಅದು ಹೇಳಿದ್ದು ನಿಜ. ಆದರೆ ಅದು ಕೇರಳ ಪೊಲೀಸ್ ಕಾಯ್ದೆಯ ಒಂದು ಸೆಕ್ಷನ್ ಕುರಿತ ತೀರ್ಪು, 2019ರ ತಿದ್ದುಪಡಿಗೂ ಮುಂಚಿನದು. ಅದನ್ನು ಇಲ್ಲಿ ಪೊಲೀಸರ ಮುಂದೆ ಹಿಡಿದರೆ ಪ್ರಯೋಜನವಿಲ್ಲ.

ಅಳವಡಿಸುವಾಗ

ಕಾನೂನಿನ ದೃಷ್ಟಿಯಲ್ಲಿ ಹೆಚ್ಚು ಜನ ಎಡವುವುದು ಕರೆಯ ವಿಷಯದಲ್ಲಲ್ಲ, ಹೆಲ್ಮೆಟ್ಟಿನ ವಿಷಯದಲ್ಲಿ. 129ನೇ ಸೆಕ್ಷನ್ ಕೇಳುವುದು ತಲೆಯ ಮೇಲೆ ಏನೋ ಒಂದು ಇರಲಿ ಎಂದಲ್ಲ. ನಿಗದಿತ ಗುಣಮಟ್ಟದ, ಪಟ್ಟಿಯಿಂದ ಬಿಗಿದ ಹೆಲ್ಮೆಟ್ ಬೇಕು. ದ್ವಿಚಕ್ರ ಸವಾರರ ಹೆಲ್ಮೆಟ್‌ಗೆ ಐಎಸ್ 4151 ಮಾನಕ 2021ರ ಜೂನ್ 1ರಿಂದ ಕಡ್ಡಾಯವಾಗಿದೆ. ಐಎಸ್‌ಐ ಮುದ್ರೆಯ ಕೆಳಗಿನ ಸಿಎಂ/ಎಲ್ ಸಂಖ್ಯೆಯನ್ನು ‘ಬಿಐಎಸ್ ಕೇರ್’ ಆ್ಯಪ್‌ನಲ್ಲಿ ಹಾಕಿದರೆ ಅಸಲಿಯೋ ನಕಲಿಯೋ ತಿಳಿಯುತ್ತದೆ.

ಈ ಮಾನಕದ ಜೀವಾಳ ಒಳಗಿರುವ ಥರ್ಮಾಕೋಲ್ ಪದರ. ಬಿದ್ದಾಗ ಅದು ತಾನು ನಜ್ಜುಗುಜ್ಜಾಗಿ ತಲೆಗೆ ಬರುವ ಪೆಟ್ಟನ್ನು ನುಂಗುತ್ತದೆ. ಸ್ಪೀಕರ್ ಕೂರಲಿಲ್ಲವೆಂದು ಕೆಲವು ಕಡೆ ಬ್ಲೇಡಿನಿಂದ ಇದನ್ನು ಕೊರೆಯುತ್ತಾರೆ, ಚಿಪ್ಪಿಗೆ ಡ್ರಿಲ್ ಹಾಕಿ ವೈರ್ ತೂರಿಸುತ್ತಾರೆ. ಕೊರೆದ ಮೇಲೆ ಅದು ಪರೀಕ್ಷೆಯಲ್ಲಿ ಪಾಸಾದ ಹೆಲ್ಮೆಟ್ ಅಲ್ಲ. ಮುದ್ರೆ ಉಳಿದಿರುತ್ತದೆ, ರಕ್ಷಣೆ ಉಳಿದಿರುವುದಿಲ್ಲ. 194ಡಿ ಸೆಕ್ಷನ್ ಪ್ರಕಾರ ನಿಯಮದಂತೆ ಹೆಲ್ಮೆಟ್ ಧರಿಸದವರಿಗೆ 1,000 ರೂಪಾಯಿ ದಂಡ, ಮೂರು ತಿಂಗಳು ಲೈಸೆನ್ಸ್ ಅನರ್ಹತೆ. ಕರ್ನಾಟಕ ಸರ್ಕಾರ 2019ರಲ್ಲಿ ದಂಡವನ್ನು 500 ರೂಪಾಯಿಗೆ ಇಳಿಸಿತು. 2022ರಲ್ಲಿ ಕೇರಳದ ಮೋಟಾರು ವಾಹನ ಇಲಾಖೆ ಹೆಲ್ಮೆಟ್‌ಗೆ ಕ್ಯಾಮೆರಾ ಕಟ್ಟುವುದನ್ನು ಅಪರಾಧವೆಂದು ಸಾರಿದ್ದನ್ನು ವಯನಾಡಿನ ಕಡೆ ಬೈಕಿನಲ್ಲಿ ಹೋಗುವ ನಮ್ಮವರು ನೆನಪಿಡಬೇಕು.

ಸ್ಪೀಕರಿಗೆಂದೇ ಕಿವಿಯ ಬಳಿ ಗುಳಿ ಬಿಟ್ಟಿರುವ ಹೆಲ್ಮೆಟ್‌ಗಳು ಸಿಗುತ್ತವೆ, ಅಂಥದ್ದನ್ನೇ ಕೊಳ್ಳಿ. ಕೆನ್ನೆಯ ಮೆತ್ತೆ ಬಿಚ್ಚಿ, ಸ್ಪೀಕರನ್ನು ವೆಲ್ಕ್ರೋದಿಂದ ಗುಳಿಯಲ್ಲಿ ಅಂಟಿಸಿ. ಅದು ಕಿವಿರಂಧ್ರಕ್ಕೆ ನೇರವಾಗಿರಬೇಕು, ಕಿವಿಯನ್ನು ಒತ್ತಬಾರದು. ಸ್ಪೀಕರ್ ಒಂದು ಬೆರಳಷ್ಟು ಆಚೀಚೆಯಾದರೂ ದನಿ ಕ್ಷೀಣಿಸುತ್ತದೆ. ಆಗ ಜನ ವಾಲ್ಯೂಮ್ ಏರಿಸುತ್ತಾರೆ, ಹೊರಗಿನ ಹಾರ್ನ್ ಕೇಳದಂತಾಗುತ್ತದೆ. ಅರ್ಧಕ್ಕಿಂತ ಹೆಚ್ಚು ಸಮಸ್ಯೆ ಸ್ಪೀಕರಿನ ಜಾಗ ಸರಿಮಾಡಿದರೆ ತೀರುತ್ತದೆ. ಹೊರಗಿನ ಘಟಕವನ್ನು ಕ್ಲಿಪ್‌ನಿಂದ ಅಥವಾ ಅಂಟಿನಿಂದ ಎಡಬದಿಗೆ ಕೂರಿಸಿ. ಬಲಗೈ ಆಕ್ಸಿಲರೇಟರ್ ಬಿಡಬಾರದಲ್ಲ! ಗಲ್ಲಪಟ್ಟಿಯ ದಾರಿಗೆ ವೈರ್ ಅಡ್ಡ ಬರದಿರಲಿ. ಕೊನೆಗೆ ಹೆಲ್ಮೆಟ್ ಹಾಕಿ, ಪಟ್ಟಿ ಬಿಗಿದು, ತಲೆ ಅಲ್ಲಾಡಿಸಿ ನೋಡಿ. ಮುಂಚೆ ಇದ್ದ ಬಿಗಿಯೇ ಇರಬೇಕು.

ಫೋನಿನ ಜತೆ ಪೇರಿಂಗ್, ಹಿಂಬದಿ ಸವಾರರ ಇಂಟರ್‌ಕಾಂ ಜೋಡಣೆ, ಮ್ಯಾಪಿನ ವಿಳಾಸ ಎಲ್ಲವೂ ಸ್ಟ್ಯಾಂಡ್ ಹಾಕಿದ ಬೈಕಿನ ಪಕ್ಕದಲ್ಲೇ ಮುಗಿಯಬೇಕು. ಓಡುತ್ತಿರುವಾಗ ಫೋನ್ ಹೊರತೆಗೆದು ಮರುಜೋಡಣೆಗೆ ಕೈಹಾಕಿದಿರೋ, ಹ್ಯಾಂಡ್ಸ್‌ಫ್ರೀ ಎಂಬ ರಕ್ಷಣೆ ಅಲ್ಲಿಗೆ ಮುಗಿಯಿತು.

ಕೊಳ್ಳುವಾಗ

ಬ್ಲೂಟೂತ್ ಬಳಸುವ 2.4 ಗಿಗಾಹರ್ಟ್ಸ್ ತರಂಗಪಟ್ಟಿಗೆ ಬಳಕೆದಾರರು ಲೈಸೆನ್ಸ್ ಪಡೆಯಬೇಕಿಲ್ಲ, 2005ರಲ್ಲೇ ವಿನಾಯಿತಿ ಸಿಕ್ಕಿದೆ. ಗುಂಪಾಗಿ ಸವಾರಿ ಹೋಗುವವರು ಇಂಟರ್‌ಕಾಂ ದುಬಾರಿಯೆಂದು ವಾಕಿಟಾಕಿ ತರಿಸಿದರೆ ಮಾತು ಬೇರೆ. ಅಮೆರಿಕದಲ್ಲಿ ಮುಕ್ತವಾಗಿರುವ 462 ಮೆಗಾಹರ್ಟ್ಸ್ ಸುತ್ತಲಿನ ಸೆಟ್‌ಗಳು ಇಲ್ಲಿ ಲೈಸೆನ್ಸ್ ಇಲ್ಲದೆ ಬಳಸುವಂತಿಲ್ಲ. ನಮ್ಮಲ್ಲಿ ವಿನಾಯಿತಿ ಇರುವುದು 446.0ರಿಂದ 446.2 ಮೆಗಾಹರ್ಟ್ಸ್‌ನ ಕಡಿಮೆ ಶಕ್ತಿಯ ಸೆಟ್‌ಗಳಿಗೆ. ಅಕ್ರಮ ವಾಕಿಟಾಕಿ ಮಾರಿದ್ದಕ್ಕಾಗಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2025ರಲ್ಲಿ ಆನ್‌ಲೈನ್ ಮಾರಾಟ ತಾಣಗಳಿಗೆ ನೋಟಿಸ್ ಕೊಟ್ಟಿತ್ತು.

ಡಬ್ಬಿಯ ಮೇಲೆ ಎಂಆರ್‌ಪಿ, ಆಮದುದಾರರ ಹೆಸರು-ವಿಳಾಸ, ಯಾವ ದೇಶದಲ್ಲಿ ತಯಾರಾದದ್ದು ಎಂಬುದು ಇರಲೇಬೇಕು. ಬಿಲ್ ಕೇಳಿ ಪಡೆಯಿರಿ. ‘ವಾಟರ್‌ಪ್ರೂಫ್’ ಎಂದು ಮಾರಿದ ಸೆಟ್ ಮಲೆನಾಡಿನ ಮೊದಲ ಮಳೆಗೇ ಸತ್ತರೆ ಮಾರಿದವರೂ ತಯಾರಕರೂ ಉತ್ತರ ಕೊಡಬೇಕು. ಮೊದಲು ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ನೀವು ವಾಸವಿರುವ ಜಿಲ್ಲೆಯಲ್ಲೇ, ಎರಡು ವರ್ಷದೊಳಗೆ ದೂರು ಕೊಡಬಹುದು. ಐದು ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವಿಲ್ಲ, ವಕೀಲರನ್ನು ಇಟ್ಟುಕೊಳ್ಳಲೇಬೇಕೆಂದಿಲ್ಲ.

ಪೊಲೀಸರು ಕೈ ತೋರಿದಾಗ

ನಿಲ್ಲಿಸಿ. ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿ ಕೇಳಿದರೆ ಲೈಸೆನ್ಸ್ ತೋರಿಸುವುದು ನಿಮ್ಮ ಕರ್ತವ್ಯ, ಡಿಜಿಲಾಕರ್‌ನಲ್ಲಿದ್ದರೂ ಸಾಕು. ಕಣ್ಣಿಗೆ ಕಾಣುವ ಉಲ್ಲಂಘನೆ ಇಲ್ಲದೆ ಬರೀ ದಾಖಲೆ ತಪಾಸಣೆಗೆಂದು ವಾಹನ ತಡೆಯಬಾರದು ಎಂದು ರಾಜ್ಯದ ಪೊಲೀಸ್ ಮಹಾನಿರ್ದೇಶಕರು 2022ರಲ್ಲಿ ಸೂಚಿಸಿದ್ದರು. ಹೆಲ್ಮೆಟ್ ಬದಿಯ ಹೆಡ್‌ಸೆಟ್ ನೋಡಿ ನಿಲ್ಲಿಸಿದ್ದರೆ, ‘ಸಾರ್, ಯಾವ ಸೆಕ್ಷನ್ ಹಾಕ್ತಿದ್ದೀರಿ?’ ಎಂದು ಮರ್ಯಾದೆಯಿಂದ ಕೇಳಿ. ಫೋನ್ ಜೇಬಿನಲ್ಲಿತ್ತು ಎಂಬುದನ್ನು ತೋರಿಸಿ. ಹೆಲ್ಮೆಟ್ ಬಿಚ್ಚಿ ಒಳಭಾಗ ಕೊರೆದಿಲ್ಲ ಎಂಬುದನ್ನೂ ತೋರಿಸಬಹುದು.

ತಪ್ಪು ಒಪ್ಪಿಗೆಯಿದ್ದರೆ ದಂಡ ಕಟ್ಟಿ ರಸೀದಿ ಪಡೆಯಿರಿ. ಒಪ್ಪಿಗೆಯಿಲ್ಲದಿದ್ದರೆ ಅಲ್ಲೇ ಕಟ್ಟಲೇಬೇಕೆಂಬ ಕಾನೂನಿಲ್ಲ. ರಾಜಿ ದಂಡ ಹೆಸರೇ ಹೇಳುವಂತೆ ರಾಜಿ. ಪ್ರಕರಣ ನ್ಯಾಯಾಲಯಕ್ಕೆ ಹೋಗಲಿ ಎನ್ನುವ ಹಕ್ಕು ನಿಮ್ಮದು. ಇ-ಚಲನ್ ಬಂದರೆ ಅದರ ಫೋಟೊ ಹಿಗ್ಗಿಸಿ ನೋಡಿ: ಕೈಯಲ್ಲಿ ಫೋನ್ ಕಾಣುತ್ತಿದೆಯೇ? ಇಲ್ಲವಾದರೆ ಗಡುವಿನೊಳಗೆ ಆಕ್ಷೇಪ ಸಲ್ಲಿಸಿ. ವರ್ಚುವಲ್ ಕೋರ್ಟಿಗೆ ಹೋದ ಚಲನ್‌ನಲ್ಲೂ ‘ಪ್ರಶ್ನಿಸುತ್ತೇನೆ’ ಎಂಬ ಆಯ್ಕೆಯಿರುತ್ತದೆ. ಅದನ್ನು ಒತ್ತಿದರೆ ಪ್ರಕರಣ ಸಾಮಾನ್ಯ ನ್ಯಾಯಾಲಯಕ್ಕೆ ಬರುತ್ತದೆ. ಒಂದು ದಂಡದ ವಿಷಯಕ್ಕೆ ಯಾರು ಅಲೆಯುತ್ತಾರೆ ಎನಿಸಬಹುದು. ಆದರೆ ಅಪಾಯಕಾರಿ ಚಾಲನೆಯ ದಾಖಲೆ ಒಮ್ಮೆ ಸೇರಿದರೆ ಮುಂದಿನ ಸಲದ ಶಿಕ್ಷೆ ಏರುತ್ತದೆ.

184 ಮತ್ತು 194ಡಿ ಪ್ರಕರಣಗಳಲ್ಲಿ ಪೊಲೀಸರು ಲೈಸೆನ್ಸ್ ವಶಪಡಿಸಿಕೊಂಡು ಆರ್‌ಟಿಒಗೆ ಕಳಿಸಬಹುದು. ಸ್ವೀಕೃತಿ ಪತ್ರವಿಲ್ಲದೆ ಕೊಡಬೇಡಿ. ಲೈಸೆನ್ಸ್ ಅನರ್ಹಗೊಳಿಸುವ ಮುನ್ನ 19ನೇ ಸೆಕ್ಷನ್ ಪ್ರಕಾರ ನಿಮ್ಮ ಮಾತು ಕೇಳಲೇಬೇಕು, ಆದೇಶದ ವಿರುದ್ಧ 30 ದಿನದೊಳಗೆ ಮೇಲ್ಮನವಿಯೂ ಇದೆ. ವಕೀಲರ ಖರ್ಚು ಭರಿಸಲಾಗದವರು ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಕರೆ ಮಾಡಿ, ಅಥವಾ ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಸಮಿತಿಯನ್ನು ಕಾಣಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ ಆದಾಯ ನೋಡದೆ ನೆರವು ಸಿಗುತ್ತದೆ.

ಅಪಘಾತವಾದರೆ ಇದೇ ಹೆಡ್‌ಸೆಟ್ ಸಾಕ್ಷ್ಯವಾಗುತ್ತದೆ. ಎದುರು ಪಕ್ಷದ ವಿಮಾ ಕಂಪನಿ ಕರೆ ವಿವರ ತರಿಸಿ, ಡಿಕ್ಕಿಯಾದ ನಿಮಿಷದಲ್ಲಿ ನೀವು ಮಾತಾಡುತ್ತಿದ್ದಿರಿ, ತಪ್ಪಿನಲ್ಲಿ ನಿಮ್ಮ ಪಾಲೂ ಇದೆ ಎಂದು ವಾದಿಸಬಹುದು. ನ್ಯಾಯಮಂಡಳಿ ಒಪ್ಪಿದರೆ ಪರಿಹಾರ ಅಷ್ಟರಮಟ್ಟಿಗೆ ಕಡಿತವಾಗುತ್ತದೆ. ಮೋಟಾರು ಅಪಘಾತ ಪರಿಹಾರ ಅರ್ಜಿಗೆ ಕಾಯ್ದೆ ಈಗ ಆರು ತಿಂಗಳ ಮಿತಿ ಹಾಕಿದೆ. ಆಸ್ಪತ್ರೆಯಿಂದ ಬಂದವರು ಬಿರುಕುಬಿಟ್ಟ ಹೆಲ್ಮೆಟ್ಟನ್ನು ಗುಜರಿಗೆ ಹಾಕಬೇಡಿ. ಅದರ ಐಎಸ್‌ಐ ಮುದ್ರೆ, ಪಟ್ಟಿ, ಕೊರೆಯದ ಒಳಪದರ, ಸ್ಪೀಕರ್ ಕೂರಿಸಿದ ರೀತಿ ಎಲ್ಲದರ ಫೋಟೊ ತೆಗೆದು, ಖರೀದಿಯ ಬಿಲ್ ಜತೆಗೆ ನಿಮ್ಮ ವಕೀಲರ ಕೈಗೆ ಕೊಡಿ.